ಖಾಲಿಯಾಗದ ಸೋಪಿನ ಬಾಟಲಿ

ನಾನು ಸ್ಟಾಫ್ ನರ್ಸ್. ಮನೆ ನಂಜನಗೂಡಿನಲ್ಲಿ, ಆಸ್ಪತ್ರೆ ತಿ. ನರಸೀಪುರದಲ್ಲಿ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಂಬಿ ಹಿಡಿದು, ಯಾರದೋ ಬ್ಯಾಗು ಹಿಡಿದು, ಯಾರದೋ ಕೂಸಿನ ಮೂಗು ಒರೆಸಿ ನಾನು ವಾರ್ಡು ತಲುಪುವ ಹೊತ್ತಿಗೆ ಅರ್ಧ ತಾಲ್ಲೂಕಿನ ಕೊಳೆ ನನ್ನ ಅಂಗೈಯಲ್ಲಿರುತ್ತಿತ್ತು.

ವಾರ್ಡಿನ ಬಾಗಿಲಲ್ಲಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ನಿಂತಿರುತ್ತಿದ್ದರು. ಹೆರಿಗೆ ವಾರ್ಡಿಗೂ ಅದರ ಪಕ್ಕದ ಎಳೆಗೂಸುಗಳ ಕೋಣೆಗೂ ಅವರೇ ಯಜಮಾನಿ. ನಮಸ್ಕಾರ ಎಂದರೆ, "ಅದೆಲ್ಲ ಆಮೇಲೆ ಕಣಮ್ಮ, ಮೊದ್ಲು ಕೈ" ಎನ್ನುತ್ತಿದ್ದರು. ಬಳೆ ಬಿಚ್ಚಿಸುತ್ತಿದ್ದರು, ಉಂಗುರ ಬಿಚ್ಚಿಸುತ್ತಿದ್ದರು, ದೇವಸ್ಥಾನದಲ್ಲಿ ಕಟ್ಟಿದ ಕೆಂಪು ದಾರವನ್ನೂ ಬಿಡುತ್ತಿರಲಿಲ್ಲ. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು ಎಂದು ಪಕ್ಕದಲ್ಲಿ ನಿಂತು ಹೇಳುತ್ತಾ, ತಪ್ಪಿದರೆ ಪೆನ್ನಿನಿಂದ ಮುಂಗೈಗೆ ಒಂದು ಏಟು ಹಾಕುತ್ತಿದ್ದರು. ದೊಡ್ಡ ಡಾಕ್ಟರೇ ಬಂದರೂ ಅದೇ ಕಟ್ಟಳೆ. ನಾವು ಹಿಂದಿನಿಂದ ಅವರನ್ನು ಮಡಿ ಅಜ್ಜಿ ಎಂದು ಆಡಿಕೊಳ್ಳುತ್ತಿದ್ದೆವು. ಆದರೆ ನನಗೆ ಕೆಲಸ ಬಂದದ್ದೇ ಅವರಿಂದ. ತಾಯಿಯ ಮೇಲಿರುವಂಥದೇ ಪ್ರೀತಿ ಅವರ ಮೇಲೂ ಇತ್ತು, ಈಗಲೂ ಇದೆ, ಅದೇ ಕಷ್ಟ.

ಎಳೆಗೂಸುಗಳ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಎಡಗಡೆ ಬೇಸಿನ್ನು, ಅದರ ಮೇಲೆ ಸೋಪಿನ ಬಾಟಲಿ. ತಲೆ ಒತ್ತಿದರೆ ಗುಲಾಬಿ ಬಣ್ಣದ ಸೋಪು ಬರುವಂಥದು. ವರ್ಷಗಟ್ಟಲೆ ಅದರ ತಲೆ ಒತ್ತಿದ್ದೇನೆ, ಅದು ಖಾಲಿಯಾದದ್ದನ್ನು ಮಾತ್ರ ಒಮ್ಮೆಯೂ ಕಂಡಿಲ್ಲ. ಬಣ್ಣ ಒಂದು ದಿನ ಗಾಢ, ಇನ್ನೊಂದು ದಿನ ತೆಳು. ಅದು ಯಾಕೆ ಹಾಗೆ ಎಂದು ಕೇಳುವ ಬುದ್ಧಿ ನನಗಾಗಲಿ ಮತ್ತೊಬ್ಬರಿಗಾಗಲಿ ಬರಲಿಲ್ಲ. ತುಂಬಿದ ಬಾಟಲಿಯನ್ನು ಯಾರು ಅನುಮಾನಿಸುತ್ತಾರೆ?

ನನ್ನ ಮಗ ದಿನ ತುಂಬುವ ಮೊದಲೇ ಬಂದುಬಿಟ್ಟ. ಡ್ಯೂಟಿಯಲ್ಲಿರುವಾಗಲೇ ನೋವು ಕಾಣಿಸಿಕೊಂಡು, ನಾನೇ ಹಾಸಿಗೆ ಹಾಸಿಟ್ಟ ಮಂಚದ ಮೇಲೆ ಮಲಗಿದೆ. ಮಗು ಅತ್ತಿತು, ಆದರೆ ಬೆಕ್ಕಿನ ಮರಿಯಷ್ಟೇ ಇತ್ತು. ಕೂಡಲೇ ಅದನ್ನು ಗಾಜಿನ ಆಚೆಗಿನ ಕೋಣೆಗೆ ಒಯ್ದು, ಬೆಚ್ಚಗಿಡುವ ವಾರ್ಮರ್ ಕೆಳಗೆ ಮಲಗಿಸಿ, ಕೈಯ ನರಕ್ಕೆ ಸೂಜಿ ಹಾಕಿದರು. ಕವಲಂದೆಯಿಂದ ನನ್ನವ್ವ ಬಂದಳು. ಬಂದವಳೇ ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿ ಮುಖ ಸಣ್ಣ ಮಾಡಿಕೊಂಡಳು.

"ಏಳಕ್ಕುಟ್ಟಿದ್ರೆ ಬದುಕ್ತದೆ ಅಂತಾರೆ. ಇದು ಎಂಟ್ನೇದು ಕಣವ್ವಾ."

"ಬಾಯಿ ಮುಚ್ಕೊಂಡು ಕೂತ್ಕೋ ಅವ್ವ" ಎಂದು ರೇಗಿದೆ. ನರ್ಸಾಗಿ ಇಂಥ ಮಾತಿಗೆ ನಗಬೇಕಿತ್ತು. ನಗು ಬರಲಿಲ್ಲ.

ಇನ್‌ಚಾರ್ಜ್ ಸಿಸ್ಟರ್ ನನ್ನ ತಲೆ ಸವರಿ, "ಇದು ನಮ್ ವಾರ್ಡಿನ ಕೂಸು. ನಾನಿದೀನಿ" ಎಂದರು. ಅಂದಿನಿಂದ ನನ್ನ ಮಗನಿಗೆ ರಾಜೋಪಚಾರ. ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದಕ್ಕೆ ಬೇರೆಯವರನ್ನು ಬಿಡದೆ ಅವರೇ ಕುಡಿಸುತ್ತಿದ್ದರು. ನನ್ನ ಜೊತೆಯ ಹುಡುಗಿಯರೂ ಪ್ರೀತಿಯಿಂದ ಪೈಪೋಟಿಗೆ ಬಿದ್ದಿದ್ದರು. ನನ್ನ ಮಂಚದಿಂದ ಗಾಜಿನ ಮೂಲಕ ಎಲ್ಲ ಕಾಣುತ್ತಿತ್ತು. ನಮ್ಮ ಜೊತೆಯವಳ ಮಗು ಎಂದು ಒಬ್ಬೊಬ್ಬರೂ ಬೇಸಿನ್ನಿನ ಮುಂದೆ ನಿಂತು, ನೊರೆ ಬರುವ ತನಕ ತಿಕ್ಕಿ ತಿಕ್ಕಿ ತೊಳೆದು, ಆಮೇಲೆಯೇ ನನ್ನ ಮಗನನ್ನು ಮುಟ್ಟುತ್ತಿದ್ದರು. ನೋಡಿ ಕಣ್ಣು ತುಂಬಿ ಬರುತ್ತಿತ್ತು.

ಪಕ್ಕದ ವಾರ್ಮರಿನಲ್ಲಿ ತಲಕಾಡಿನ ಕಡೆಯವರ ಹೆಣ್ಣುಕೂಸು. ಅದಕ್ಕೆ ಇಷ್ಟು ಉಪಚಾರವಿರಲಿಲ್ಲ, ನಿಜ ಹೇಳಬೇಕಲ್ಲ. ಅವಸರದಲ್ಲಿ ಬಂದವರು ಆ ವಾರ್ಮರಿಗೆ ನೇತುಹಾಕಿದ್ದ ಒಂದೇ ಸ್ಯಾನಿಟೈಸರನ್ನು ಒಂದಿಷ್ಟು ಉಜ್ಜಿಕೊಂಡು ಕೆಲಸ ಮುಗಿಸಿ ಹೋಗುತ್ತಿದ್ದರು. ಪಾಪ, ಆ ಮಗುವಿಗೆ ಯಾರೂ ಗಮನ ಕೊಡುತ್ತಿಲ್ಲವಲ್ಲ ಎಂದು ನಾನು ಮರುಗಿದ್ದೂ ಉಂಟು.

ಒಂದು ಬೆಳಿಗ್ಗೆ ಮಗ ಹಾಲು ನುಂಗಲಿಲ್ಲ. ಒಳಲೆ ತುಟಿಗಿಟ್ಟರೆ ಬಾಯಿಯ ಪಕ್ಕದಿಂದ ಇಳಿದು ಕತ್ತಿಗೆ ಹೋಯಿತು. ನಾನು ಅವನ ಪಾದ ಮುಟ್ಟಿ ನೋಡಿದೆ. ತಣ್ಣಗಿತ್ತು. ಇಷ್ಟು ಸಣ್ಣ ಕೂಸುಗಳಿಗೆ ನಂಜೇರಿದರೆ ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗುತ್ತದೆ. ಇದನ್ನು ಎಷ್ಟು ತಾಯಂದಿರಿಗೆ ಹೇಳಿದ್ದೇನೋ! ಈಗ ಆ ಪಾದ ನನ್ನ ಅಂಗೈಯಲ್ಲಿತ್ತು.

ಮಕ್ಕಳ ಡಾಕ್ಟರು ಬಂದು ರಕ್ತ ತೆಗೆದು, ಆ್ಯಂಟಿಬಯಾಟಿಕ್ ಶುರುಮಾಡಿ, ಎಲ್ಲಿಂದ ಬಂತು ಎಂದು ಕೇಳಿದರು. ಇನ್‌ಚಾರ್ಜ್ ಸಿಸ್ಟರ್ ಕಣ್ಣು ನನ್ನವ್ವನ ಮೇಲೂ ನನ್ನ ಗಂಡನ ಮೇಲೂ ಹೋಯಿತು. ಗಂಡ ಬಸ್ ಕಂಡಕ್ಟರು, ದಿನವಿಡೀ ನೋಟು ಮುಟ್ಟುವವನು. ಒಮ್ಮೆ ಡ್ಯೂಟಿಯಿಂದ ನೇರ ಬಂದವನು ಮಗನ ಬೆರಳು ಮುಟ್ಟಿ ಬೈಸಿಕೊಂಡಿದ್ದ. ಅವ್ವ ಹೊಲದಿಂದ ಬಂದವಳು. ಇಬ್ಬರಿಗೂ ಒಳಗೆ ಬರಬೇಡಿ ಎಂದಾಯಿತು.

"ನಾನೇನ್ ಸಗ್ಣಿ ಬಾಚ್ಬುಟ್ಟು ಬಂದಿದ್ದೀನವ್ವಾ? ನಾನ್ ಮುಟ್ಟೇ ಇಲ್ವಲ್ಲಾ" ಎಂದು ಅವ್ವ ಅತ್ತಳು. ನಾನು ಅವಳ ಪರ ಮಾತಾಡಲಿಲ್ಲ. ನನಗೂ ಅನುಮಾನ ಅವಳ ಮೇಲೇ ಇತ್ತು. ಓದಿದವಳ ಅನುಮಾನ ಮೊದಲು ಹೋಗುವುದು ಹಳ್ಳಿಯಿಂದ ಬಂದ ಕೈಯ ಮೇಲೆ.

ಅವರಿಬ್ಬರೂ ಹೊರಗುಳಿದರೂ ಮಗ ಬಿಳಿಚುತ್ತಲೇ ಹೋದ. ಅಷ್ಟರಲ್ಲಿ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದ, ತೀರ ಕಡಿಮೆ ತೂಕದ ಕೂಸೂ ಹಾಲು ಬಿಟ್ಟಿತು. ಅದಕ್ಕೂ ಇನ್‌ಚಾರ್ಜ್ ಸಿಸ್ಟರೇ ಕೈಯಾರೆ ಕುಡಿಸುತ್ತಿದ್ದದ್ದು. ಅವರು ಹೆದರಿ ಇನ್ನಷ್ಟು ಕಟ್ಟುನಿಟ್ಟಾದರು. ಎಲ್ಲರನ್ನೂ ಸಾಲಾಗಿ ಬೇಸಿನ್ನಿಗೆ ಅಟ್ಟಿದರು, ತೊಳೆದವರನ್ನೂ ವಾಪಸು ಕಳಿಸಿ ತೊಳೆಸಿದರು. ನಲ್ಲಿಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ತಲಕಾಡಿನವರ ಕೂಸು ಮಾತ್ರ ಕೈಕಾಲು ಬಡಿಯುತ್ತಾ ಕೊಟ್ಟಷ್ಟೂ ಹಾಲು ಕುಡಿಯುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಊಟದ ಹೊತ್ತು. ವಾರ್ಡು ಸ್ವಲ್ಪ ಸದ್ದಡಗಿತ್ತು. ನಾನು ಗಾಜಿಗೆ ಹಣೆಯೊತ್ತಿ ನಿಂತಿದ್ದೆ. ಇನ್‌ಚಾರ್ಜ್ ಸಿಸ್ಟರ್ ಬೇಸಿನ್ನಿನ ಹತ್ತಿರ ಬಂದು ಸೋಪಿನ ಬಾಟಲಿಯ ತಲೆ ಒತ್ತಿದರು. ಗೊರಗೊರ ಎಂದಿತು, ಸೋಪು ಬರಲಿಲ್ಲ. ಅವರು ಅದರ ಮುಚ್ಚಳ ತಿರುಗಿಸಿ, ಬಾಟಲಿಯನ್ನು ನಲ್ಲಿಗೆ ಹಿಡಿದು, ಅರ್ಧ ನೀರು ತುಂಬಿಸಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿದರು. ಆಮೇಲೆ ಅದನ್ನೇ ಒತ್ತಿ, ನೊರೆ ಮಾಡಿಕೊಂಡು, ಅಂಗೈ, ಮುಂಗೈ, ಬೆರಳ ಸಂದು ಒಂದನ್ನೂ ಬಿಡದೆ ತೊಳೆದುಕೊಂಡು ನನ್ನ ಮಗನ ಕಡೆಗೆ ಹೊರಟರು.

ಇದರಲ್ಲಿ ಹೊಸದೇನಿಲ್ಲ. ನಮ್ಮ ಕಡೆ ಯಾವ ಮನೆಯಲ್ಲಿ ಇದನ್ನು ಮಾಡುವುದಿಲ್ಲ? ಶಾಂಪೂ ತಳ ಕಂಡರೆ ನೀರು ಹಾಕಿ ಕುಲುಕುತ್ತೇವೆ, ಪಾತ್ರೆ ತೊಳೆಯುವ ಸೋಪಿಗೂ ಹಾಗೇ, ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಬೋರಲು ನಿಲ್ಲಿಸಿ ಕೊನೆಯ ಹನಿ ಇಳಿಸುತ್ತೇವೆ. ಒಂದನ್ನೂ ಹಾಳುಮಾಡದವಳೇ ಒಳ್ಳೆಯ ಹೆಂಗಸು. ಸ್ಟೋರಿನಿಂದ ಸೋಪು ಬರುವುದು ತಡವಾದಾಗ ನಮ್ಮ ವಾರ್ಡಿನಲ್ಲಿ ಎಂದೂ ಸೋಪಿಲ್ಲ ಎನ್ನಬಾರದೆಂದು ಅವರು ಹೀಗೆ ಸಂಸಾರ ತೂಗಿಸುತ್ತಿದ್ದರು. ಹೊಸ ಸೋಪು ಬಂದರೂ ಹಳೆಯದು ದಂಡವಾಗಬಾರದೆಂದು ಅದರ ಮೇಲೆಯೇ ಸುರಿಯುತ್ತಿದ್ದರು. ಆ ಬಾಟಲಿಯನ್ನು ಯಾವತ್ತೂ ತೊಳೆದು ಒಣಗಿಸಿದ್ದೇ ಇಲ್ಲ.

ನಾನು ಹೊಲಿಗೆಯ ನೋವು ಮರೆತು ಒಳಗೆ ಹೋಗಿ, ಬಾಟಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ ಒಳಗಿನ ನಳಿಗೆ ಎಳೆದೆ. ಅದರ ತುದಿಗೆ ಗಂಜಿಯ ಕೆನೆಯಂಥ ಲೋಳೆ ಜೋತುಬಿದ್ದಿತ್ತು. ನೀರು ನಿಂತ ಹೂದಾನಿಯ ವಾಸನೆ.

"ಸಿಸ್ಟರ್, ನನ್ ಮಗನ್ನ ಮುಟ್ಬೇಡಿ!"

ನಾನು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವರು ಒದ್ದೆ ಕೈ ಎತ್ತಿ ಹಿಡಿದುಕೊಂಡೇ ತಿರುಗಿದರು. ಏನಾಯಿತೆಂದು ಅವರಿಗೆ ಗೊತ್ತಾಗಲಿಲ್ಲ.

"ಈಗ್ ತಾನೇ ತೊಳ್ದೆ ಕಣೇ" ಎಂದರು.

ಗಲಾಟೆ ಕೇಳಿ ಡಾಕ್ಟರು ಬಂದರು. ಬಾಟಲಿ ಮೂಸಿ ನೋಡಿದರು. ಲ್ಯಾಬಿಗೆಂದು ಸ್ವಲ್ಪ ತೆಗೆದಿಟ್ಟು ಉಳಿದದ್ದನ್ನು ಬೇಸಿನ್ನಿಗೆ ಬಗ್ಗಿಸಿದರು. ಮೊದಲು ತೆಳು ಗುಲಾಬಿ ನೀರು ಬಂತು, ಕೊನೆಗೆ ತಳದ ಲೋಳೆ ಉಂಡೆಯುಂಡೆಯಾಗಿ ಬಿತ್ತು. ನೀರು ಬೆರೆತು ಸೋಪಿನ ಶಕ್ತಿ ಹೋಗಿದೆ, ಟ್ಯಾಂಕಿನ ನೀರಿನಲ್ಲಿ ಬಂದ ಕ್ರಿಮಿ ಇದರೊಳಗೇ ಮನೆ ಮಾಡಿಕೊಂಡಿದೆ, ತೊಳೆದ ಕೈಗೆ ಅದೇ ಅಂಟಿ ಸೂಜಿ ಹಾಕಿದ ಜಾಗದಿಂದ ಒಳಹೊಕ್ಕಿರಬೇಕು ಎಂದು ಅವರು ಮೆಲ್ಲಗೆ ಹೇಳಿದರು. ಹೆಚ್ಚು ತೊಳೆದವರ ಕೈಯಲ್ಲೇ ಹೆಚ್ಚು ಇದ್ದಿರಬೇಕು. ಆಮೇಲೆ ಬಂದ ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳಿತು, ಬಾಟಲಿಯಲ್ಲಿ ಇದ್ದದ್ದೂ ನನ್ನ ಮಗನ ರಕ್ತದಲ್ಲಿ ಇದ್ದದ್ದೂ ಒಂದೇ.

ಇನ್‌ಚಾರ್ಜ್ ಸಿಸ್ಟರ್ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾ, "ಸೋಪ್ ಕಣ್ರೀ ಡಾಕ್ಟ್ರೇ. ಸೋಪಲ್ವಾ ಅದು?" ಎಂದು ಕೇಳಿದರು. ಅವರ ಮೇಲೆ ಕೂಗಾಡಬೇಕೆಂದಿದ್ದೆ, ಆಗಲಿಲ್ಲ. ಕದ್ದವರನ್ನು ಬೈಯಬಹುದು, ಸೋಮಾರಿಗಳನ್ನು ಬೈಯಬಹುದು. ಉಳಿಸಲು ಹೋದವರನ್ನು ಹೇಗೆ ಬೈಯುವುದು?

ಅಂದೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಟೆವು. ಅವ್ವ ಪಕ್ಕದಲ್ಲಿ ಕೂತು ಮಗನ ವಾರ್ಮರ್ ಪೆಟ್ಟಿಗೆಯನ್ನು ಮುಟ್ಟದೆ, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. "ಮುಟ್ಟವ್ವ, ಏನೂ ಆಗಲ್ಲ" ಎಂದೆ. ಅವಳು ತಲೆ ಅಲ್ಲಾಡಿಸಿ ಕಿಟಕಿಯ ಕಡೆ ತಿರುಗಿದಳು. ಆ ದಾರಿಯಲ್ಲಿ ನಾನು ದೇವರನ್ನು ಬೇಡಿಕೊಂಡದ್ದು ಒಂದೇ, ಜೀವ ಒಂದಿರಲಿ.

ಜೀವ ಉಳಿಯಿತು. ನಂಜು ಮಿದುಳಿನ ಪೊರೆಯವರೆಗೂ ಹೋಗಿದ್ದರಿಂದ ಬಹಳ ದಿನ ಬಲವಾದ ಔಷಧಿ ಕೊಡಬೇಕಾಯಿತು. ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು, ದಿನ ತುಂಬದ ಕೂಸು, ಮೇಲೆ ಇಂಥ ನಂಜು, ಕಣ್ಣು ಕಿವಿ ಎರಡನ್ನೂ ತಪ್ಪದೆ ಪರೀಕ್ಷೆ ಮಾಡಿಸಿ ಎಂದರು. ಕಣ್ಣಿನದು ಮಾಡಿಸಿದೆ. ಕಿವಿಯದನ್ನು ನಾಳೆ, ಮುಂದಿನ ವಾರ ಎಂದು ತಳ್ಳುತ್ತಾ ಬಂದೆ. ಬೇರೆಯವರ ಮಗುವಾಗಿದ್ದರೆ ಬೈದು ಕಳಿಸುತ್ತಿದ್ದೆ. ಕುಕ್ಕರ್ ಕೂಗಿದಾಗಲೆಲ್ಲ ನಾನು ತೊಟ್ಟಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ, ಅವನು ಬೆಚ್ಚಿದನೋ ಇಲ್ಲವೋ ನೋಡಲಾರದೆ.

ವಾರ್ಡಿನಲ್ಲಿ ಈಗ ಎಲ್ಲ ಬದಲಾಗಿದೆ. ಸಣ್ಣ ಬಾಟಲಿ, ಮುಗಿದರೆ ಕಸಕ್ಕೆ. ತೊಳೆದ ಕೈ ಒರೆಸಲು ಕಾಗದ, ಪ್ರತಿ ತೊಟ್ಟಿಲಿಗೂ ಸ್ಯಾನಿಟೈಸರು. ಇನ್ನೊಂದು ಕೂಸೂ ಚೇತರಿಸಿಕೊಂಡು ಮನೆಗೆ ಹೋಯಿತು. ಇನ್‌ಚಾರ್ಜ್ ಸಿಸ್ಟರ್ ಕೆಲಸದಲ್ಲಿದ್ದಾರೆ, ಆದರೆ ಕೂಸುಗಳ ಕೋಣೆಗೆ ಹೋಗುವುದಿಲ್ಲ. ಆಗಾಗ ಭಾನುವಾರ ನಂಜನಗೂಡಿನ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾರೆ. ಬಾಳೆಹಣ್ಣು, ಟೋಪಿ, ಏನಾದರೊಂದು ತರುತ್ತಾರೆ. ಮಗನನ್ನು ಮಾತ್ರ ಎತ್ತಿಕೊಳ್ಳುವುದಿಲ್ಲ. ಎತ್ಕೊಳ್ಳಿ ಎಂದರೆ, "ಬೇಡ ಕಣೇ, ದೂರದಿಂದ ನೋಡ್ತೀನಿ" ಎನ್ನುತ್ತಾರೆ.

ಕಳೆದ ಭಾನುವಾರವೂ ಬಂದಿದ್ದರು. ಮಗ ನಡುಮನೆಯ ಚಾಪೆಯ ಮೇಲೆ ನಮಗೆ ಬೆನ್ನು ಹಾಕಿ ಕೂತು ಚಮಚ ಆಡಿಸುತ್ತಿದ್ದ. ಅವನಿಗೀಗ ಕೂರುವುದು ಬಂದಿದೆ. ಅದನ್ನು ಕಂಡು ಸಿಸ್ಟರ್ ಮುಖ ಅರಳಿತು. "ಅಯ್ಯೋ ನನ್ ಬಂಗಾರ" ಎಂದು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಚಪ್ಪಾಳೆ ತಟ್ಟಿದರು. ಮಗ ಚಮಚ ಆಡಿಸುತ್ತಲೇ ಇದ್ದ. ಅವರು ಸ್ವಲ್ಪ ಜೋರಾಗಿ ತಟ್ಟಿದರು. ಅಡುಗೆಮನೆಯಿಂದ ಅವ್ವ ಹೊರಗೆ ಬಂದು ನೋಡಿದಳು. ಸಿಸ್ಟರ್ ಮುಖದ ನಗು ಹಾಗೇ ಇತ್ತು, ಕಣ್ಣು ಬದಲಾಗಿತ್ತು. ಮಂಡಿಯೂರಿ ಅವನ ಬೆನ್ನ ಹಿಂದೆಯೇ ಹೋಗಿ, ಅಂಗೈ ಕೆಂಪಾಗುವಂತೆ ಮತ್ತೆ ತಟ್ಟಿದರು, ಮತ್ತೆ ತಟ್ಟಿದರು.

ನಾನು ಹೋಗಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡೆ.