ಸಾವಲ್ಲ, ಸಾವಿ

ನಿನ್ನೆ ಸಂಜೆಯಿಂದ ನನ್ನ ಅಂಗೈಗೆ ಕಬ್ಬಿಣದ ವಾಸನೆ ಅಂಟಿಕೊಂಡಿದೆ. ಚೆನ್ನೈನ ವೇಲಚೇರಿ ರೈಲು ಸ್ಟೇಷನ್ನಿನಲ್ಲಿ ಯಾರದೋ ಕೀಗೊಂಚಲು ಹಿಡಿದಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಆ ವಾಸನೆಗೆ ಮೆಸ್ಸಿನ ಅಕ್ಕ ನೆನಪಾದರು...

ಆಗ ನಾನು ವಿಮಾ ಕಚೇರಿಯ ಕೆಲಸಕ್ಕೆಂದು ದಾವಣಗೆರೆಯಿಂದ ಚೆನ್ನೈಗೆ ಹೊಸದಾಗಿ ಬಂದಿದ್ದೆ. ತಮಿಳು ಅಷ್ಟಕ್ಕಷ್ಟೆ. ಊಟ ತ್ರಿಪ್ಲಿಕೇನಿನ ಸಣ್ಣ ಮೆಸ್ಸಿನಲ್ಲಿ. ನಡೆಸುತ್ತಿದ್ದವರು ಉಡುಪಿ ಕಡೆಯ ಈ ಅಕ್ಕ. ನನಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮನೆಯಲ್ಲಿ ಅದಕ್ಕೆ ‘ತಲೆಸುತ್ತು’ ಎಂದು ಮರ್ಯಾದೆಯ ಹೆಸರಿಟ್ಟು, ಯಾರೆದುರೂ ಬಾಯಿಬಿಡಬೇಡ ಎಂದು ತಾಕೀತು ಮಾಡಿ ಕಳಿಸಿದ್ದರು. ಒಂದು ಮಧ್ಯಾಹ್ನ ಅದು ನನ್ನನ್ನು ಊಟದ ಎಲೆಯ ಮುಂದೆಯೇ ಕೆಡವಿತು.

ಎಚ್ಚರಾಗುವಾಗ ಯಾರೋ “ಸಾವಿ, ಸಾವಿ” ಎನ್ನುತ್ತಿದ್ದರು. ನನ್ನ ಕಥೆ ಮುಗಿಯಿತೆಂದೇ ತಿಳಿದೆ. “ನಾನು ಸತ್ತಿಲ್ಲ” ಎಂದು ತೊದಲಿದೆನಂತೆ.

“ಸಾವಲ್ಲ ಮಾರಾಯ್ತಿ, ಸಾವಿ. ತಮಿಳಲ್ಲಿ ಬೀಗದ ಕೈ” ಎಂದರು ಅಕ್ಕ. ಮೆಸ್ಸಿನ ಇಡೀ ಕೀಗೊಂಚಲು ನನ್ನ ಮುಷ್ಟಿಯಲ್ಲಿತ್ತು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ತುರುಕಿದವರು ಅವರೇ.

ಪಕ್ಕದ ಸಾಲಿನಲ್ಲಿ ನಮ್ಮ ಕಚೇರಿಯವರೂ ಇದ್ದರು. ಗುಟ್ಟು ರಟ್ಟಾಯಿತಲ್ಲ ಎಂದು ಅಳು ಬಂತು. ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಎಂದೆ.

“ಹೋಗು. ಅಲ್ಲಿ ಫಿಟ್ಸ್ ಬರುದಿಲ್ವಾ?”

ಆ ಭಾನುವಾರ ಅಕ್ಕ, ಯಾರನ್ನೋ ವಿಚಾರಿಸಿಕೊಂಡು, ಇದೇ ಕಾಯಿಲೆಯವರು ಸೇರುವ ಸಭೆಗೆ ನನ್ನನ್ನು ಎಳೆದುಕೊಂಡು ಹೋದರು. ಫಿಟ್ಸಿಗೆ ತಮಿಳಿನಲ್ಲಿ ‘ವಲಿಪ್ಪು’. ಅಲ್ಲಿ ಎಲ್ಲರೂ ಆ ಮಾತನ್ನು ನೆಗಡಿ ಎಂದಷ್ಟೇ ಸಲೀಸಾಗಿ ಆಡುತ್ತಿದ್ದರು. ನನ್ನ ಸರದಿ ಬಂದಾಗ ಹರಕು ತಮಿಳಿನಲ್ಲಿ “ಎನಕ್ಕುಂ ವಲಿಪ್ಪು”, ನನಗೂ ಫಿಟ್ಸ್ ಇದೆ, ಎಂದೆ. ಹೊರಗಿನವರೆದುರು ಹೇಳಿದ್ದು ಅದೇ ಮೊದಲು. ಎದೆ ಹಗುರಾಯಿತು.

ಕಬ್ಬಿಣದಿಂದ ಏನೂ ಆಗುವುದಿಲ್ಲ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ಎಚ್ಚರಾಗುವವರೆಗೆ ಜೊತೆಗಿರಿ ಎಂದೂ ಅಲ್ಲಿ ಹೇಳಿಕೊಟ್ಟರು. ಅಕ್ಕನ ಮುಖ ಸಪ್ಪಗಾಯಿತು. “ಎಷ್ಟು ಜನರ ಕೈಗೆ ಕೀ ಕೊಟ್ಟಿದ್ದೇನೋ” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು.

ಮರುದಿನ ಮೆಸ್ಸಿನ ಕರಿಹಲಗೆಯಲ್ಲಿ, ಮಜ್ಜಿಗೆ ಹುಳಿಯ ಕೆಳಗೆ, ತಮಿಳಿನಲ್ಲಿ ಹೊಸ ಸಾಲು ಬಂತು: ವಲಿಪ್ಪು ಬಂದರೆ ಸಾವಿ ಬೇಡ, ಮಗ್ಗುಲಿಗೆ ಮಲಗಿಸಿ. ಇದೇನು ಇವತ್ತಿನ ಸ್ಪೆಷಲ್ಲೇ ಎಂದು ಕಿಚಾಯಿಸಿದವರಿಗೆ ಪೂರ್ತಿ ಪಾಠ ಒಪ್ಪಿಸಿದ ಮೇಲೆಯೇ ಅನ್ನ. ನಮ್ಮ ಕಚೇರಿಯವರಿಗೂ ರಿಯಾಯಿತಿ ಇರಲಿಲ್ಲ. ಮುಂದೆ ನಾನು ಕಚೇರಿಯಲ್ಲಿ ಬಿದ್ದಾಗ ಅವರಲ್ಲೊಬ್ಬರು ನನ್ನನ್ನು ಮಗ್ಗುಲಿಗೆ ತಿರುಗಿಸಿ ಪಕ್ಕದಲ್ಲೇ ಕುಳಿತಿದ್ದರು. ನಾನು ಊರಿಗೆ ಹೋಗಲಿಲ್ಲ.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಮೆಸ್ಸಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ...

ನಿನ್ನೆ ಸ್ಟೇಷನ್ನಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಬಿದ್ದಳು. ಜನ “ಸಾವಿ, ಸಾವಿ” ಎಂದು ಸೇರಿದರು. ಅವಳ ಮುಷ್ಟಿಗೆ ತುರುಕಲು ಬಂದ ಕೀಗೊಂಚಲನ್ನು ನಾನೇ ಇಸಿದುಕೊಂಡು, ಅವಳನ್ನು ಮಗ್ಗುಲಿಗೆ ಮಲಗಿಸಿ ಕುಳಿತೆ. ಕಣ್ಣು ಬಿಟ್ಟಾಗ “ಎನಕ್ಕುಂ ವಲಿಪ್ಪು” ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅವಳು ತಮಿಳು ಹುಡುಗಿ, ಸಾವಿ ಎಂದರೆ ಸಾವಲ್ಲ ಎಂದು ಹೇಳಿಕೊಡಬೇಕಿರಲಿಲ್ಲ. ಆ ಮಾತಿಗೆ ನನ್ನೊಡನೆ ನಗಲು ಅಕ್ಕ ಇರಬೇಕಿತ್ತು.