ಕಿವಿ ಗುರುತಿನ ನಾಯಿ

ಕೊಟ್ಟೂರಿನಲ್ಲಿ ನಮ್ಮದೊಂದು ಮಿರ್ಚಿ ಮಂಡಕ್ಕಿ ಅಂಗಡಿ ಇದೆ. ಹಿಟ್ಟು ಕಲಸುವವಳು ನಾನು, ಮೆಣಸಿನಕಾಯಿ ಸೀಳುವವಳು ನಾನು, ಕಾದ ಎಣ್ಣೆಯ ಮುಂದೆ ಕೂತು ಬೇಯುವವಳೂ ನಾನೇ. ಅತ್ತೆ ಗಿರಾಕಿಗಳ ಜೊತೆ ಮಾತಾಡುತ್ತಾರೆ. ಅಂಗಡಿ ನಡೆಯುತ್ತಿರುವುದು ತಮ್ಮ ಮಾತಿನಿಂದ ಎಂದು ಅವರು ನಂಬಿದ್ದಾರೆ. ನಾನು ವಾದಿಸಲು ಹೋಗಿಲ್ಲ.

ಅಂಗಡಿಯ ಬೆಂಚಿನ ಕೆಳಗೆ ಒಂದು ಕೆಂಚು ಹೆಣ್ಣುನಾಯಿ ಇರುತ್ತದೆ. ಹುಟ್ಟಿದ್ದೂ ಅಲ್ಲೇ. ಹಾಲಿನಲ್ಲಿ ನೆನೆಸಿದ ಮಂಡಕ್ಕಿ ಬಿಟ್ಟರೆ ಬೇರೆ ತಿಂಡಿ ಅದಕ್ಕೆ ಸೇರುವುದಿಲ್ಲ, ಏಕೆಂದರೆ ಅತ್ತೆ ಬೇರೆ ಅಭ್ಯಾಸ ಮಾಡಿಸಿಲ್ಲ. ಗಟ್ಟಿ ಹಾಲು ನಾಯಿಗೆ ಹೋಗುತ್ತದೆ, ನೀರು ಬೆರೆಸಿದ್ದು ನನ್ನ ಚಹಾಕ್ಕೆ ಬರುತ್ತದೆ. ಆದರೂ ಯಾರಾದರೂ "ನಿಮ್ದೇನ್ರಿ ನಾಯಿ?" ಎಂದು ಕೇಳಿದರೆ ಅತ್ತೆ, "ಯಾರ್ದೋ ಏನೋ, ಇಲ್ಲಿ ಬಂದು ಬಿದ್ಕಂತೈತಿ" ಎನ್ನುತ್ತಾರೆ.

ನಮ್ಮ ಕಡೆ ಇದರಲ್ಲಿ ಸುಳ್ಳೇನೂ ಇಲ್ಲ. ನಾಯಿಗೆ ಎಷ್ಟು ವರ್ಷ ಬೇಕಾದರೂ ಅನ್ನ ಹಾಕಬಹುದು, ನಮ್ಮದು ಎಂದು ಬಾಯಿಬಿಟ್ಟು ಅನ್ನಬಾರದು. ಅಂದರೆ ಅದರ ಹಲ್ಲೂ ನಮ್ಮದಾಗುತ್ತದೆ. ಸಾಕಿದ ನಾಯಿಗೆ ಲೈಸೆನ್ಸು ಬೇಕು, ವರ್ಷಕ್ಕೊಮ್ಮೆ ಸೂಜಿ ಹಾಕಿಸಬೇಕು ಎಂಬ ಮಾತು ಹಬ್ಬಿದ ಮೇಲಂತೂ ನಮ್ಮ ಓಣಿಯಲ್ಲಿ ಸಾಕಿದ ನಾಯಿ ಒಂದೂ ಉಳಿಯಲಿಲ್ಲ. ಎಲ್ಲವೂ ತಾವಾಗಿಯೇ ಬಂದು ಬಿದ್ದುಕೊಂಡವು.

ಒಮ್ಮೆ ಬೆಂಚಿನ ಕೆಳಗಿನ ಕೆಂಚು ನಾಯಿ ಎದುರಿನ ಹಿಟ್ಟಿನ ಗಿರಣಿಯವನಿಗೆ ಬಾಯಿ ಹಾಕಿತು. ಅವನು ಅದರ ಬಾಲ ತುಳಿದಿದ್ದ. ಗಾಯಕ್ಕೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಇಂಜೆಕ್ಷನ್ ಸಿಕ್ಕಿತು. ಹರಿದ ಪ್ಯಾಂಟಿಗೆ ಸರ್ಕಾರದಲ್ಲಿ ಯಾವ ಯೋಜನೆಯೂ ಇರಲಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದ. ಅತ್ತೆ ಒಳಗೆ ಹೋಗಿ ದೇವರ ಜಗುಲಿಯಿಂದ ಭಂಡಾರದ ಬಟ್ಟಲು ತಂದರು. ಮೈಲಾರಲಿಂಗನ ಆ ಅರಿಸಿನದ ಪುಡಿ ಮುಟ್ಟಿ ಸುಳ್ಳು ಹೇಳಿದವರು ನಮ್ಮ ಸೀಮೆಯಲ್ಲಿ ಉದ್ಧಾರವಾದದ್ದಿಲ್ಲ. ಅತ್ತೆ ಅದರೊಳಗೆ ಬೆರಳಿಟ್ಟು, "ನಾಯಿ ನಮ್ದಲ್ಲ" ಎಂದರು. ಗಿರಣಿಯವನು ಪ್ಯಾಂಟು ಮಡಚಿಕೊಂಡು ಹೋದ. ಒಂದು ಪ್ಯಾಂಟಿಗಾಗಿ ದೇವರ ತನಕ ಹೋಗಬೇಕಿತ್ತೇ ಎಂದು ನನಗೆ ಸಿಟ್ಟು ಬಂದಿತ್ತು.

ಆಮೇಲೆ ಬೀದಿನಾಯಿ ಹಿಡಿಯುವ ಗಾಡಿ ಬಂತು. "ಯಾರ್ದಿದು?" ಎಂದು ಕೇಳಿದರು. ಓಣಿಗೆ ಓಣಿಯೇ ಯಾರದೂ ಅಲ್ಲ ಎಂದಿತು. ಬಲೆ ಹಾಕಿ ಒಯ್ದರು. ಅದು ತಿರುಗಿ ಬರುವ ತನಕ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಕೇಳಿದರೆ, "ಪಿತ್ತ ಆಗೈತಿ" ಎನ್ನುತ್ತಿದ್ದರು. ಮರಿಯಾಗದಂತೆ ಆಪರೇಷನ್ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಅದರ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ತಂದು ಬಿಟ್ಟರು. ಅವತ್ತು ಅತ್ತೆಯ ಪಿತ್ತ ಇಳಿಯಿತು.

ಹೊಲಗಳ ಕೊಯ್ಲು ಮುಗಿದಿತ್ತು. ಹೊಸಹಳ್ಳಿ ಕಡೆಯ ಕುರಿಗಾರನೊಬ್ಬ ಗೊಬ್ಬರಕ್ಕೆಂದು ನಮ್ಮೂರ ಹೊಲಗಳಲ್ಲಿ ಮಂದೆ ನಿಲ್ಲಿಸಿದ್ದ. ಕಂಬಳಿ ಹೊದ್ದ ವಯಸ್ಸಾದ ಮನುಷ್ಯ. ಮಿರ್ಚಿ ತಿನ್ನಲು ಬಂದವನು ಬೆಂಚಿನ ಕೆಳಗೆ ಬಗ್ಗಿ, ನಾಯಿಯ ಎಡಗಿವಿ ಬೆರಳಲ್ಲಿ ಸವರಿ, "ಇದು ನಮ್ದು" ಎಂದ.

ಕುರಿಗಾರರಲ್ಲಿ ಮನೆತನಕ್ಕೊಂದು ಕಿವಿ ಗುರುತು. ಎರಡು ಮಂದೆ ಬೆರೆತು ಜಗಳವಾದರೆ ಕಿವಿ ನೋಡಿ ತೀರ್ಮಾನ ಮಾಡುತ್ತಾರೆ. ಆ ಮನುಷ್ಯನ ಮನೆಯಲ್ಲಿ ಕುರಿಗಳ ಜೊತೆ ಕಾಯುವ ನಾಯಿಗೂ ಅದೇ ಗುರುತು, ಅದೂ ಎಡಗಿವಿಯ ತುದಿಗೇ. ಹೋದ ವರ್ಷ ಅವನದೊಂದು ಕೆಂಚು ಹೆಣ್ಣುನಾಯಿ ಇದೇ ಸುತ್ತಿನಲ್ಲಿ ತಪ್ಪಿಸಿಕೊಂಡಿತ್ತಂತೆ.

ಬೆಂಚಿನ ಮೇಲೆ ಪಶು ಆಸ್ಪತ್ರೆಯ ನೌಕರರೊಬ್ಬರು ಮಂಡಕ್ಕಿ ತಿನ್ನುತ್ತಿದ್ದರು. "ಯಜಮಾನ್ರ, ಅದು ಸರ್ಕಾರ ಕತ್ತರಿಸಿದ್ದು. ಆಪರೇಷನ್ ಆಗೈತಿ ಅನ್ನಾಕ ಗುರುತು" ಎಂದರು.

"ನಮ್ಮಜ್ಜನ ಕಾಲದಿಂದ ನಾವು ಕತ್ತರಸ್ತೀವಿ. ಸರ್ಕಾರ ಯಾವಾಗ ಕಲ್ತತ್ರಿ?"

"ಹೊಟ್ಟಿ ಮ್ಯಾಲೆ ಹೊಲಿಗಿ ಐತಿ ನೋಡ್ರಿ."

"ಹೊಲಿಗಿ ಸರ್ಕಾರದ್ದಿರ್ಲಿ. ಕಿವಿ ನಮ್ದು."

ನೌಕರರು ಪೊಟ್ಟಣ ಕೆಳಗಿಟ್ಟು ಕಾನೂನು ಹೇಳಿದರು. ಬೀದಿನಾಯಿ ಎಂದರೆ ಬಿಟ್ಟಿ ನಾಯಿಯಲ್ಲ. ಹಾಗೆ ಗುರುತು ಮಾಡಿ ಬಿಟ್ಟದ್ದನ್ನು ಅದಿದ್ದ ಜಾಗದಿಂದ ಯಾರೂ ಎಬ್ಬಿಸಿಕೊಂಡು ಹೋಗುವಂತಿಲ್ಲ, ಹೊಡೆಯುವಂತಿಲ್ಲ. "ಇದು ಯಾರ್ದೂ ಅಲ್ರಿ. ಈ ಓಣಿದು" ಎಂದರು. ಗಿರಣಿಯವನು ಕಟ್ಟೆಯ ಮೇಲಿಂದ, "ಓಣಿದಲ್ಲ, ಒಯ್ರಿ ಒಯ್ರಿ. ಬ್ಯಾಡಾದ್ರ ಇಟ್ಟಿಗಿ ಊರ ಕಡಿ ಬಿಡ್ರಿ" ಎಂದು ಕೂಗಿದ.

ಕುರಿಗಾರ ಕೆಟ್ಟವನಲ್ಲ. ಕಳೆದುಹೋದದ್ದು ಸಿಕ್ಕಿತೆಂದು ಅವನ ಕಣ್ಣು ಒದ್ದೆಯಾಗಿತ್ತು. ರೊಟ್ಟಿಯ ಚೂರು ತೋರಿಸಿದಾಗ ಬೇರೆ ತಿಂಡಿ ಸೇರದ ನಮ್ಮ ನಾಯಿ ಬಾಲ ಅಲ್ಲಾಡಿಸಿಕೊಂಡು ಅವನ ಹಿಂದೆಯೇ ನಡೆಯಿತು. ಅತ್ತೆ ಕೈ ಚಾಚಿ ಅದರ ಕುತ್ತಿಗೆ ಹಿಡಿದರು.

ಅವನು ಅದನ್ನು ನೋಡಿ ನಿಂತ. ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈ ಮುಂದೆ ಹಿಡಿದ. "ಕಾನೂನು ನನಗ ತಿಳಿಯಂಗಿಲ್ಲವ್ವ. ಇದನ್ನ ಮುಟ್ಟಿ ನಮ್ದು ಅಂತ ಒಂದು ಮಾತು ಹೇಳು. ಬಿಟ್ಟು ಹೊಕ್ಕೀನಿ."

ನಮ್ಮದಲ್ಲ ಎಂದು ಅದೇ ಭಂಡಾರ ಮುಟ್ಟಿ ಆಗಿದೆ. ಈಗ ನಮ್ಮದು ಎಂದರೆ ದೇವರ ಮುಂದೆ ಸುಳ್ಳುಗಾತಿ, ಅನ್ನದಿದ್ದರೆ ನಾಯಿ ಹೊಸಹಳ್ಳಿಗೆ. ಗಿರಣಿಯವನು ಕಟ್ಟೆಯಿಂದ ಇಳಿದು ಹತ್ತಿರ ಬಂದು ನಿಂತ, ಮಾತು ಸರಿಯಾಗಿ ಕೇಳಿಸಲಿ ಎಂದು.

ಮಾತಿನಿಂದ ಅಂಗಡಿ ನಡೆಸುವ ಹೆಂಗಸು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಒಂದು ಕೈಯಲ್ಲಿ ನಾಯಿಯನ್ನು ಹಿಡಿದೇ, ಇನ್ನೊಂದನ್ನು ಅವನ ಅಂಗೈ ಮೇಲಿಟ್ಟರು.

"ನಾಯಿ ನಂದಲ್ಲಪ್ಪ," ಎಂದರು. "ನಾನ ಅದರಾಕಿ."

ಕುರಿಗಾರ ಭಂಡಾರವನ್ನು ಅತ್ತೆಯ ಹಣೆಗೆ ಹಚ್ಚಿದ, ಉಳಿದದ್ದನ್ನು ನಾಯಿಯ ಹಣೆಗೆ ಹಚ್ಚಿ ಹೋದ. ಗಿರಣಿಯವನು ಪ್ಯಾಂಟಿನ ಮಾತು ಎತ್ತದೆ ತನ್ನ ಕಟ್ಟೆ ಹತ್ತಿದ. ಎಣ್ಣೆಯಲ್ಲಿದ್ದ ಮಿರ್ಚಿ ಅಷ್ಟೂ ಕರಕಾಗಿತ್ತು. ಅದಕ್ಕೆ ಅತ್ತೆ ನನ್ನನ್ನು ಬೈದರು. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ನಮ್ಮಲ್ಲಿ ಯಾರ ಬಗ್ಗೆಯೂ ‘ನಾನು ಇವರವಳು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.