ಮನೆಯಲ್ಲಿ ಸೊನ್ನೆ

ಗದಗಿನಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದಾಗ ನಾನು ಭವಿಷ್ಯ ಹೇಳುವ ಕೆಲಸಕ್ಕೆ ಕೈಹಾಕಿದೆ. ಅಂಗೈ ನೋಡಿ ಅಲ್ಲ, ಭರ್ತಿ ಮಾಡಿದ ನಮೂನೆ ನೋಡಿ. ಪದವಿಗೆ ಹೊಸದಾಗಿ ಸೇರಿದವರಲ್ಲಿ ಯಾರು ಮೂರು ವರ್ಷ ಮುಗಿಸಿ ಪಾಸಾಗುತ್ತಾರೆ, ಯಾರು ನಡುವೆಯೇ ಬಿಡುತ್ತಾರೆ ಎಂಬುದನ್ನು ಮೊದಲೇ ಊಹಿಸುವುದು ನನ್ನ ಕಿರುಪ್ರಬಂಧದ ವಿಷಯ.

ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಪ್ರಶ್ನೆಗಳನ್ನು ಬರೆದೆ. ಪಿಯುಸಿಯಲ್ಲಿ ಬಂದ ಅಂಕಗಳೆಷ್ಟು, ತಂದೆತಾಯಿ ಎಲ್ಲಿಯವರೆಗೆ ಓದಿದ್ದಾರೆ, ಮನೆಯಿಂದ ಕಾಲೇಜು ಎಷ್ಟು ದೂರ. ಏಳನೆಯ ಪ್ರಶ್ನೆಯ ಮೇಲೆ ನನಗೆ ವಿಶೇಷ ಪ್ರೀತಿಯಿತ್ತು: 'ನೀವು ಮನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡುತ್ತೀರಿ?' ಉಳಿದವೆಲ್ಲ ಆಗಿಹೋದ ಸಂಗತಿಗಳು, ಇದೊಂದೇ ವಿದ್ಯಾರ್ಥಿಯ ಇಂದಿನ ಶ್ರಮವನ್ನು ಅಳೆಯುತ್ತದೆ ಎಂದು ನಂಬಿ, ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ತೂಕ ಕೊಟ್ಟೆ.

ಮುಂಡರಗಿಯ ಒಂದು ಪದವಿ ಕಾಲೇಜು ನಮೂನೆಗಳನ್ನು ತುಂಬಿಸಿಕೊಡಲು ಒಪ್ಪಿತು. ಪ್ರಾಚಾರ್ಯರು ಒಳ್ಳೆಯ ಮನುಷ್ಯ. ಒಂದೇ ಒಂದು ಷರತ್ತು ಹಾಕಿದರು.

"ಬರೇ ನಿಮ್ಮ ಪುಸ್ತಕಕ್ಕ ಅಲ್ರಿ, ನಮ್ಮ ಹುಡುಗರಿಗೂ ಉಪಯೋಗ ಆಗ್ಬೇಕು. ಯಾರು ಹಿಂದ ಬೀಳ್ತಾರ ಅಂತ ಹೆಸರು ಕೊಡ್ರಿ, ಅವರಿಗೆ ಬ್ಯಾರೆ ಕ್ಲಾಸ್ ತಗೋತೀವಿ."

ತುಂಬಿದ ನಮೂನೆಗಳನ್ನು ಲ್ಯಾಪ್‌ಟಾಪಿಗೆ ಹಾಕಿದಾಗ, ಪಾಸಾಗುವವರೆಂದು ಕೆಲವು ಹೆಸರುಗಳು ಹಸಿರಾದವು, ನಡುವೆ ಬಿಡುವವರೆಂದು ಕೆಲವು ಕೆಂಪಾದವು. ಕೆಂಪು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆಗ ಅನುಮಾನ ಬರಬೇಕಿತ್ತು. ಬರಲಿಲ್ಲ, ಹೆಮ್ಮೆಯಾಯಿತು.

ಹದಿನೈದು ದಿನಗಳ ನಂತರ ಹಾಜರಿ ವಿವರ ಪಡೆಯಲು ಮತ್ತೆ ಹೋದಾಗ ಆ ಹಾಳೆ ಸೂಚನಾ ಫಲಕದಲ್ಲಿತ್ತು. ಮೇಲೆ 'ವಿಶೇಷ ತರಗತಿಗೆ ಆಯ್ಕೆಯಾದವರು' ಎಂಬ ಶೀರ್ಷಿಕೆ. ಬರುವ ಸೋಮವಾರದಿಂದ ಮೂರೂವರೆಯಿಂದ ಐದೂವರೆ, ಹಾಜರಿ ಕಡ್ಡಾಯ. ಕೆಳಗೆ ಯಾರ ಸಹಿಯೂ ಇರಲಿಲ್ಲ. ಅದರ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ನನ್ನತ್ತ ತಿರುಗಿದಳು.

"ಈ ಪಟ್ಟಿ ಮಾಡಿದ ಅಕ್ಕಾರು ನೀವ ಏನ್ರಿ?"

"ಹೌದು."

"ಅಂದ್ರ ನಾ ಫೇಲ್ ಆಗ್ತೀನಿ ಅಂತ ನೀವ ಹೇಳಿದ್ರಿ."

"ಫೇಲ್ ಅಂತಲ್ಲ ತಂಗಿ. ಸ್ವಲ್ಪ ಸಹಾಯ ಬೇಕಾಗಬಹುದು ಅಂತ."

"ನಮ್ಮ ಕೊರ್ಲಹಳ್ಳಿ ಬಸ್ಸು ನಾಕೂ ಮುಕ್ಕಾಲಕ್ಕ ಬಿಡ್ತೈತ್ರಿ. ಅದರ ಮುಂದಿಂದು ಕತ್ತಲಾದ ಮ್ಯಾಲ, ಅದೂ ಊರೊಳಗ ಬರಂಗಿಲ್ಲ, ಕ್ರಾಸಿನ್ಯಾಗ ಇಳಸ್ತೈತಿ. ಕತ್ತಲಾಗ ಒಬ್ಬಾಕಿನ ನಡಕೋತ ಬರೋದಾದ್ರ ಕಾಲೇಜ ಬ್ಯಾಡ ಅಂತ ನಮ್ಮ ಅಬ್ಬಾ ಮೊದಲ ದಿನಾನ ಹೇಳ್ಯಾರ. ನಿಮ್ಮ ಸಹಾಯ ತಗೊಂಡ್ರ ನಾ ಮನ್ಯಾಗ ಉಳೀತೀನಿ. ಆಗ ನೀವು ಹೇಳಿದ್ದ ಖರೆ ಆಗ್ತೈತಿ."

ನಾನು ಹೆಸರು ಕೇಳಿ, ಚೀಲದಿಂದ ಅವಳ ನಮೂನೆಯನ್ನು ಹುಡುಕಿ ತೆಗೆದೆ. ಅಂಕಗಳು ಸಾಧಾರಣ. ಏಳನೆಯ ಪ್ರಶ್ನೆಯ ಮುಂದೆ ದುಂಡಗೆ ಒಂದು ಸೊನ್ನೆ.

"ದಿನಕ್ಕ ಸೊನ್ನಿ ತಾಸು ಓದ್ತೀನಿ ಅಂತ ನೀನ ಬರದೀಯಲ್ಲ?"

"ನೀವು ಕೇಳಿದ್ದು ಮನ್ಯಾಗ ಅಂತ ಅಲ್ಲೇನ್ರಿ? ಮನ್ಯಾಗ ಸೊನ್ನಿ. ಇರೋದ ಒಂದು ಖೋಲಿ, ಅದರಾಗ ಅಬ್ಬಾನ ಹೊಲಿಗಿ ಮಷಿನ್ನು. ಸುಳ್ಳ ಬರೀಬೇಕಾಗಿತ್ತೇನು?"

"ಮತ್ತ ಎಲ್ಲಿ ಓದ್ತಿ?"

"ಬರ್ರಿ, ತೋರಸ್ತೀನಿ."

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೋಣೆಗೆ ತಾಗಿದ ಕಲ್ಲುಬೆಂಚು ಅವಳದು. ತರಗತಿಗಳು ಎರಡು ಗಂಟೆಗೆ ಮುಗಿಯುತ್ತವೆ. ಅಲ್ಲಿಂದ ಬಸ್ಸು ಬಿಡುವವರೆಗೆ ದಿನವೂ ಅವಳು ಓದುವುದು ಅಲ್ಲಿಯೇ. ನಾನು ಯಾರೆಂದು ತಿಳಿದ ಮೇಲೆ, ಕಂಟ್ರೋಲರ್ ಕಿಟಕಿಯಿಂದ ತಲೆ ಹೊರಹಾಕಿದರು.

"ಈಕಿ ಏನ್ರಿ? ಈಕಿ ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ಡಿಗ್ರಿ ಮಾಡಾಕತ್ತಾಳ. ನನ್ನ ಟೇಬಲ್ ಫ್ಯಾನ್ ಕಿಟಕ್ಯಾಗಿಂದ ಆಕಿ ಕಡೆ ತಿರುಗಿಸೀನಿ. ಡ್ಯೂಟಿ ಮಾಡಾವ ನಾನು, ಗಾಳಿ ಆಕಿಗೆ."

"ಗಾಳಿ ನೀವ ಇಟ್ಕೋರಿ ಕಾಕಾ, ಅನೌನ್ಸ್ ಒಂದು ಸಣ್ಣಗ ಮಾಡ್ರಿ. ನಿನ್ನೆ ಇತಿಹಾಸದ ಉತ್ತರದಾಗ ನಿಮ್ಮ ಶಿರಹಟ್ಟಿ ಬಸ್ಸು ಬಂದು ಕುಂತಿತ್ತು."

ಅವಳ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಉತ್ತರದ ನಡುವೆ ನಿಜವಾಗಿಯೂ 'ಶಿರಹಟ್ಟಿ' ಎಂದು ಬರೆದು ಹೊಡೆದುಹಾಕಿದ್ದಳು. ಪುಟದಿಂದ ಪುಟಕ್ಕೆ ಅಚ್ಚುಕಟ್ಟಾದ ಬರವಣಿಗೆ. ಎರಡರಿಂದ ನಾಲ್ಕೂ ಮುಕ್ಕಾಲು ಎಂದರೆ ದಿನಕ್ಕೆ ಮೂರು ಗಂಟೆಗೆ ಕಾಲು ಗಂಟೆಯಷ್ಟೇ ಕಡಿಮೆ. ನಾನು ಹಸಿರು ಬಳಿದವರಲ್ಲಿ ಅಷ್ಟು ಓದುತ್ತೇವೆಂದು ಬರೆದವರೇ ವಿರಳ. ವಿಶೇಷ ತರಗತಿ ನುಂಗಲು ಹೊರಟಿದ್ದು ಈ ಹೊತ್ತನ್ನೂ, ಅವಳ ಬಸ್ಸನ್ನೂ.

ಎಲ್ಲರಿಗಿಂತ ಮೊದಲು ಇದು ನನಗೆ ಹೊಳೆಯಬೇಕಿತ್ತು. ಅಡರಕಟ್ಟಿಯ ನಮ್ಮ ಮನೆಯಲ್ಲಿ ನಾನಾದರೂ ಎಲ್ಲಿ ಓದಿದ್ದೆ? ಲಕ್ಷ್ಮೇಶ್ವರದ ಗ್ರಂಥಾಲಯದಲ್ಲಿ, ದಿನಪತ್ರಿಕೆಗಳ ಮೇಜಿನ ಒಂದು ಮೂಲೆ ಹಿಡಿದು ಪಿಯುಸಿ ದಾಟಿದವಳು ನಾನು. ನನ್ನ ನಮೂನೆಯನ್ನು ನಾನೇ ಪ್ರಾಮಾಣಿಕವಾಗಿ ತುಂಬಿದ್ದರೆ ನನ್ನ ಹೆಸರೂ ಕೆಂಪಾಗುತ್ತಿತ್ತು.

ಅಲ್ಲಿಂದಲೇ ಕಿರುಪ್ರಬಂಧದ ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಒಂದೆರಡು ತಪ್ಪು ಇದ್ದ ಇರ್ತಾವು. ಒಟ್ಟಾರೆ ಊಹೆ ಸರಿ ಬಂದ್ರ ಆತು," ಎಂದರು. ಒಟ್ಟಾರೆ ಎಂಬ ಆ ಪದದ ಮೇಲೆ ನನಗೆ ಅಂದು ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ಪಟ್ಟಿ ಮಾಡುವವನಿಗೆ ಅದು ಒಂದೆರಡು ತಪ್ಪು. ಬೆಂಚಿನ ಮೇಲೆ ಕುಳಿತವಳಿಗೆ ಅದು ಇಡೀ ಕಾಲೇಜು. ಊಹೆ ಸುಳ್ಳಾದರೆ ಮಕ್ಕಳಿಗೆ ಶಿಕ್ಷೆಯಿದೆ, ಊಹಿಸಿದವರಿಗೆ ಏನೂ ಇಲ್ಲ. ನಮ್ಮ ಹೆಸರು ಕಾಣದಂತೆ ಬೇರೆಯವರ ಹೆಸರನ್ನು ಗೋಡೆಗೆ ಅಂಟಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಇಬ್ಬರೂ ಪ್ರಾಚಾರ್ಯರ ಕೋಣೆಗೆ ಹೋದೆವು. ಪಟ್ಟಿ ಇಳಿಸಬೇಕೆಂದು ಕೇಳಿದೆ.

"ಕಂಪ್ಯೂಟರ್ ಹೇಳಿದ್ದಲ್ಲೇನ್ರಿ ಇದು?" ಎಂದು ಅವರು ಗೊಂದಲಗೊಂಡರು.

"ಕಂಪ್ಯೂಟರ್ ಏನೂ ಹೇಳಿಲ್ರಿ ಸರ್. ನಾ ತಪ್ಪು ಕೇಳೀನಿ, ಅದು ತಪ್ಪು ಎಣಿಸೈತಿ. ಒಂದು ದಿನ ಕೊಡ್ರಿ, ಎಲ್ಲಾರನೂ ಮತ್ತ ಕೇಳ್ತೀನಿ."

ಅವರು ಜವಾನನನ್ನು ಕರೆದು ಹಾಳೆ ತರಿಸಿದರು. ಅದನ್ನು ಹರಿಯಲು ಕೈ ಎತ್ತಿದಾಗ ಹುಡುಗಿ ತಡೆದಳು.

"ಹರೀಬ್ಯಾಡ್ರಿ ಸರ್. ಇದಕ್ಕ ಅಕ್ಕಾರು ಸಹಿ ಮಾಡ್ಲಿ. ಮೂರು ವರ್ಷ ಆದ ಮ್ಯಾಲ ಇದನ್ನ ತಗೊಂಡು ಬಂದು ನೋಡ್ಲಿ."

ಪ್ರಾಚಾರ್ಯರು ನಕ್ಕು ಪೆನ್ನನ್ನು ನನ್ನತ್ತ ಸರಿಸಿದರು. ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಹಿ ಮಾಡಿದ್ದೇನೆ. ಅಷ್ಟು ನಿಧಾನವಾಗಿ ಮಾಡಿದ್ದು ಅದೊಂದೇ ಸಲ.

ಮರುದಿನ ಏಳನೆಯ ಪ್ರಶ್ನೆಯನ್ನು ಎರಡು ಮಾಡಿ ಕೇಳಿದೆ: ಎಲ್ಲಿ ಓದುತ್ತೀರಿ, ಎಷ್ಟು ಹೊತ್ತು? ಒಬ್ಬ ಹೊಲದ ಮೋಟಾರು ಕೋಣೆಯಲ್ಲಿ ಓದುತ್ತಿದ್ದ. ಇನ್ನೊಬ್ಬಳಿಗೆ ಅಜ್ಜಿಯ ಮನೆಯ ಮಾಳಿಗೆ. ಕೆಲವು ಕೆಂಪು ಹೆಸರುಗಳು ಹಸಿರಾದವು, ಕೆಲವು ಕೆಂಪಾಗಿಯೇ ಉಳಿದವು. ಆದರೆ ಹಾಳೆ ಮತ್ತೆ ಗೋಡೆಗೇರಲಿಲ್ಲ, ನನ್ನ ಬಳಿಯೇ ಉಳಿಯಿತು. ವಿಶೇಷ ತರಗತಿ ಎರಡು ಗಂಟೆಗೆ ಸರಿಯಿತು, ಬೇಕಾದವರು ಬರಬಹುದೆಂದಾಯಿತು. ಕೊರ್ಲಹಳ್ಳಿಯ ಹುಡುಗಿ ಇಂಗ್ಲಿಷಿಗೆ ಮಾತ್ರ ಹೋಗಿ, ಮುಗಿದೊಡನೆ ಬೆಂಚಿಗೆ ಬಂದು ಕೂರುತ್ತಿದ್ದಳಂತೆ. ನನ್ನ ಕಿರುಪ್ರಬಂಧಕ್ಕೆ ಹೇಳಿಕೊಳ್ಳುವಂಥ ಅಂಕ ಬರಲಿಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ.

ಮೂರು ವರ್ಷ ಕಳೆದು ಅವಳ ಫೋನ್ ಬಂತು. ಪ್ರಥಮ ದರ್ಜೆಯಲ್ಲಿ ಪಾಸಾಗಿ, ಗದಗಿನಲ್ಲಿ ಬಿ.ಎಡ್. ಸೇರಿ ಹಾಸ್ಟೆಲಿನಲ್ಲಿದ್ದಳು. ರಜೆಗೆ ಊರಿಗೆ ಹೊರಟಿದ್ದ ಅವಳ ಜೊತೆ ನಾನೂ ಮುಂಡರಗಿಯವರೆಗೆ ಹೋದೆ. ಅದೇ ಬೆಂಚಿನ ಮೇಲೆ ಕುಳಿತು ಹಾಳೆ ಬಿಡಿಸಿದೆವು. ಅವಳು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಯಾರು ಎಲ್ಲಿದ್ದಾರೆಂದು ಹೇಳಿದಳು. ಹೆಚ್ಚಿನವರು ಪದವಿ ದಾಟಿದ್ದರು. ನಾನು ಹಸಿರು ಬಳಿದಿದ್ದ ಒಬ್ಬ ಮೊದಲ ವರ್ಷವೇ ಬಿಟ್ಟಿದ್ದ. ಅವನ ಹೆಸರನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ, ಏಕೆಂದರೆ ಆ ತಪ್ಪಿಗೂ ಸಹಿ ನನ್ನದೇ.

"ಈಗ ಮತ್ತ ಕೇಳ್ರಿ ಅಕ್ಕಾರ, ನಿಮ್ಮ ಏಳನೇ ಪ್ರಶ್ನಿ."

"ಮನ್ಯಾಗ ದಿನಕ್ಕ ಎಷ್ಟು ತಾಸು ಓದ್ತಿ?"

"ಸೊನ್ನಿ," ಎಂದಳು ಗಂಭೀರವಾಗಿ. "ಹಾಸ್ಟೆಲ್ ಅಂದ್ರ ಮನಿ ಅಲ್ಲಲ್ರಿ."

ಕಿಟಕಿಯೊಳಗಿಂದ ಕಂಟ್ರೋಲರ್ ಕೊರ್ಲಹಳ್ಳಿಯ ಬಸ್ಸನ್ನು ಕೂಗಿದರು, ಬೇಕೆಂದೇ ಸಣ್ಣ ದನಿಯಲ್ಲಿ.